ಕಲಾ ಪೋರ್ಟ್‌ಫೋಲಿಯೊ: ಮಾಧ್ಯಮದ ಆಯ್ಕೆ, ವಿಮರ್ಶೆಯ ನೆರವು

ಪಿಯುಸಿ ಬಳಿಕ ದೃಶ್ಯಕಲಾ ಪದವಿಗೆ ಸೇರಬಯಸುವವರ ಪರವಾಗಿ ಸಂದರ್ಶನದಲ್ಲಿ ಮಾತನಾಡುವುದು ಪೋರ್ಟ್‌ಫೋಲಿಯೊ, ಅಂದರೆ ಆಯ್ದ ಕೃತಿಗಳ ಸಂಪುಟ. ಎಲ್ಲ ಮಾಧ್ಯಮಗಳೂ ಬರುತ್ತವೆಂದು ತೋರಿಸುವ ಆತುರ ಅದನ್ನು ದುರ್ಬಲಗೊಳಿಸುತ್ತದೆ.

ಮಾಧ್ಯಮ

ರೇಖಾಚಿತ್ರವೇ ತಳಹದಿ. ಎದುರಿಗಿರುವ ವಸ್ತು, ವ್ಯಕ್ತಿಗಳನ್ನು ನೋಡಿ ಪೆನ್ಸಿಲ್‌ ಅಥವಾ ಇದ್ದಿಲಿನಲ್ಲಿ ಬರೆದ ಚಿತ್ರಗಳು ಇರಲೇಬೇಕು. ಫೋಟೊದ ನಕಲು ಅವಲೋಕನ ಶಕ್ತಿಯನ್ನು ತೋರದು. ಬಣ್ಣಗಳಲ್ಲಿ ಒಂದೆರಡನ್ನು ಆರಿಸಿ ಪಳಗುವುದು ಲೇಸು. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ತಪ್ಪನ್ನು ಮುಚ್ಚುವುದು ಕಷ್ಟ. ಅಕ್ರಿಲಿಕ್‌ ಬೇಗ ಒಣಗುವುದರಿಂದ ಮೇಲೆ ಮತ್ತೆ ಬಳಿದು ತಿದ್ದಬಹುದು. ತೈಲವರ್ಣ ಒಣಗಲು ದಿನಗಳೇ ಹಿಡಿಯುವುದರಿಂದ ಕೊನೆ ಗಳಿಗೆಯ ಕೆಲಸಕ್ಕೆ ಅದು ಸಲ್ಲದು. ವಸ್ತುವಿಗೆ ತಕ್ಕ ಮಾಧ್ಯಮ ಎಂಬುದಕ್ಕೆ ಕೆ. ವೆಂಕಟಪ್ಪ (1886–1965) ನಿದರ್ಶನ: ಊಟಿ, ಕೊಡೈಕನಾಲ್‌ಗಳ ನಿಸರ್ಗಕ್ಕೆ ಅವರು ಆರಿಸಿಕೊಂಡದ್ದು ಜಲವರ್ಣ, ಉಬ್ಬುಶಿಲ್ಪಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್‌.

ವಿಮರ್ಶೆ

'ಚೆನ್ನಾಗಿದೆಯೇ?' ಎಂದು ಕೇಳಿದರೆ ಸಿಗುವುದು ಹೊಗಳಿಕೆ ಮಾತ್ರ. 'ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಯಾವ ಚಿತ್ರವನ್ನು ಕೈಬಿಡಬೇಕು?' ಎಂದು ಕೇಳಬೇಕು. ಚಿತ್ರಕಲಾ ಶಿಕ್ಷಕರು, ಕಲಾ ಕಾಲೇಜಿನ ಹಿರಿಯ ವಿದ್ಯಾರ್ಥಿ, ಕಲೆಯ ಪರಿಚಯವಿಲ್ಲದ ಒಬ್ಬರು, ಈ ಮೂವರೂ ಒಂದೇ ದೋಷವನ್ನು ಹೇಳಿದರೆ ತಿದ್ದಲೇಬೇಕು. ಆದರೆ ತಿದ್ದುವ ಕೈ ವಿದ್ಯಾರ್ಥಿಯದೇ ಆಗಿರಲಿ. ಪರರ ಕುಂಚದ ನೆರವು ಪಡೆದಿದ್ದರೆ, ಸ್ಥಳದಲ್ಲೇ ಚಿತ್ರ ಬರೆಸುವ ಪ್ರವೇಶ ಪರೀಕ್ಷೆಯಲ್ಲಿ ವ್ಯತ್ಯಾಸ ಬಯಲಾಗುತ್ತದೆ.

ಕೃತಿಗಳ ಸಂಖ್ಯೆ, ಅಳತೆಯ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಮೊದಲೇ ಓದಿಕೊಳ್ಳುವುದು ಅಗತ್ಯ.