ಸೋರೆ ಇಲ್ಲದ ವೀಣೆ

ಕಳೆದ ಚಳಿಗಾಲದಲ್ಲಿ ಬಿ.ಎ. ತರಗತಿಯ ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಮುಂದೆ ನಿಂತು ಚಾಲುಕ್ಯ ಶಿಲ್ಪದ ಬಗೆಗೆ ನನಗೆ ತಿಳಿದಷ್ಟನ್ನು ಹೇಳುತ್ತಿರುವಾಗ ಹಿಂದಿನಿಂದ ಒಬ್ಬ ಹುಡುಗ, “ಸರ್, ಗಿಟಾರ್ ಹಿಡದಂಗ ಹಿಡದಾನಲ್ರಿ!” ಎಂದ. ಎಲ್ಲರೂ ನಕ್ಕರು. ಕನ್ನಡ ಕಲಿಸುವ ಮಾಸ್ತರರು ಸಂಜೆ ಮನೆಯಲ್ಲಿ ಕುಳಿತು ವಿದ್ಯುತ್ ಗಿಟಾರು ಬಾರಿಸುತ್ತಾರೆಂಬುದು ಬಾಗಲಕೋಟೆಯಲ್ಲಿ ಗುಟ್ಟಾಗಿ ಉಳಿದಿಲ್ಲ. ಆದುದರಿಂದ ಆ ಮಾತು ಶಿವನಿಗೋ ನನಗೋ ಎಂಬುದು ಮಾತ್ರ ತಿಳಿಯಲಿಲ್ಲ.

ಹುಡುಗ ಕಂಡದ್ದು ಸುಳ್ಳೇನೂ ಅಲ್ಲ. 6ನೆಯ ಶತಮಾನದ ಆ ಮೂರ್ತಿಯಲ್ಲಿ ಶಿವನದೊಂದು ಕೈ, ಪಾರ್ವತಿಯದೊಂದು ಕೈ ಕೂಡಿ ಒಂದೇ ವೀಣೆಯನ್ನು ಹಿಡಿದಿವೆ. ಅದು ಇಂದಿನ ಕಚೇರಿಯ ವೀಣೆಯಲ್ಲ. ನಮ್ಮ ಹಳೆಯ ವೀಣೆಗಳಲ್ಲಿ ಬಹುಮಟ್ಟಿಗೆ ಇದ್ದುದು ಇಷ್ಟೆ: ಒಂದು ಕೋಲು, ಅದರ ಮೇಲೊಂದು ತಂತಿ, ನಾದ ಹಿಗ್ಗಲೆಂದು ಒಂದು ಸೋರೆಬುರುಡೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋದಾಗಲೆಲ್ಲ ನನಗೆ ಈ ವಾದ್ಯದ ನೆನಪಾಗುತ್ತದೆ. ಬಸವಣ್ಣನವರು ವಚನವೊಂದರಲ್ಲಿ ತಮ್ಮ ಒಡಲನ್ನೇ ವಾದ್ಯವಾಗಿ ಒಪ್ಪಿಸುವಾಗ ದಂಡಿಗೆ, ಸೋರೆ, ತಂತಿ, ಕಡ್ಡಿ ಯಾವುದನ್ನೂ ಮರೆತಿಲ್ಲ. ಎದೆಗೊತ್ತಿ ನುಡಿಸುವ ಬಗೆಯೂ ಅಲ್ಲಿದೆ. ಆ ವಚನವನ್ನು ನಾವು ಭಕ್ತಿಗಾಗಿ ಓದುತ್ತೇವೆ. ವಾದ್ಯದ ಇತಿಹಾಸ ಬರೆಯುವವನಿಗೆ ಅದು 12ನೆಯ ಶತಮಾನದ ಸಾಕ್ಷ್ಯವೂ ಹೌದು.

13ನೆಯ ಶತಮಾನದ ‘ಸಂಗೀತರತ್ನಾಕರ’ ಹೇಳುವ ಏಕತಂತ್ರಿಗೆ ಮೆಟ್ಟಿಲುಗಳೇ ಇಲ್ಲ. ಬಿದಿರಿನ ಸೀಳೊಂದನ್ನು ತಂತಿಯ ಮೇಲೆ ಜಾರಿಸಿ ಸ್ವರ ತೆಗೆಯಬೇಕು. ಕಿನ್ನರಿಗೆ ಮೆಟ್ಟಿಲುಂಟು. ಜಾರುವುದೊಂದು ಜಾತಿ, ಮೆಟ್ಟಿ ನಡೆಯುವುದೊಂದು ಜಾತಿ. ನನ್ನ ಮನೆಯಲ್ಲಿರುವ ಮೂರು ಗಿಟಾರುಗಳ ಜಗಳವೂ ಇದೇ.

ಮೊದಲನೆಯದು ಕಾಕಾನ ಹವಾಯಿ ಗಿಟಾರು. ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡನ್ನು ಜಾರಿಸಿ ನುಡಿಸುವಂಥದು. ವ್ಯಾನ್ ಶಿಪ್ಲೆ, ಸುನೀಲ ಗಂಗೂಲಿ ಇವರ ರೆಕಾರ್ಡುಗಳು ಸಿನಿಮಾ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ ಕಾಲದಲ್ಲಿ ಕಾಕಾ ಅದರ ಹುಚ್ಚು ಹಿಡಿಸಿಕೊಂಡಿದ್ದ. ಬ್ರಿಜಭೂಷಣ ಕಾಬ್ರಾ ಅವರು ಅದೇ ಜಾತಿಯ ಗಿಟಾರಿನಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿ ತೋರಿಸಿದ್ದನ್ನು ಅವನು ಕೊನೆಯವರೆಗೂ ಹೇಳುತ್ತಿದ್ದ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬರುವಾಗ, ಅಜ್ಜಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಅದನ್ನು ಮಡಿಲಲ್ಲಿಟ್ಟುಕೊಂಡೇ ತಂದ. ಮೀಂಡಿಗೆ ಅದರಷ್ಟು ಒದಗುವ ಗಿಟಾರನ್ನು ನಾನು ಕಂಡಿಲ್ಲ. ಆದರೆ ಬೆರಳು ಕೂದಲೆಳೆ ತಪ್ಪಿದರೂ ಅಪಸ್ವರ. ನನ್ನ ಕಿವಿ ಅಷ್ಟು ಪಕ್ವವಲ್ಲ.

ವಾಚಕರಿಗೆ ಆಶ್ಚರ್ಯವಾದೀತು: ವಿದ್ಯುತ್ ಗಿಟಾರುಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದು ನೆಲೆಯೂರಿದುದು ಇದೇ ಹವಾಯಿ ಜಾತಿಯದು. ಅಮೆರಿಕದ ನೃತ್ಯಮೇಳಗಳಲ್ಲಿ ತುತ್ತೂರಿಗಳ ಅಬ್ಬರಕ್ಕೆ ಗಿಟಾರು ಕೇಳಿಸದಾಗಿತ್ತು. ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ 1931ರಲ್ಲಿ ಅಯಸ್ಕಾಂತದ ಮಗ್ಗುಲಿಗೆ ತಾಮ್ರದ ತಂತಿಯ ಸುರುಳಿಯಿಟ್ಟ. ಉಕ್ಕಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಅಲುಗುತ್ತದೆ. ಅದನ್ನು ಹಿಗ್ಗಿಸಿದರೆ ನಾದ. 1932ರಲ್ಲಿ ರಿಕನ್‌ಬ್ಯಾಕರನ ಜೊತೆ ಸೇರಿ ಮಾರಾಟಕ್ಕಿಟ್ಟ ಆ ವಾದ್ಯ ಅಲ್ಯುಮಿನಿಯಮ್ಮಿನದು, ರೊಟ್ಟಿಯ ಹಂಚಿಗೆ ಉದ್ದನೆಯ ಹಿಡಿ ಹಚ್ಚಿದಂತೆ. ಸೋರೆ ಅಲ್ಲಿಗೆ ಹೋಯಿತು. ಪೊಳ್ಳು ಮೈಯ ಗಿಟಾರಿಗೆ ಸುರುಳಿ ಕೂಡಿಸಿದರೆ, ಸ್ಪೀಕರಿನ ಸದ್ದಿಗೆ ಮೈಯೇ ನಡುಗಿ ಊಳಿಡುವ ಕಾಟವೂ ಇತ್ತು. ಗಟ್ಟಿ ಹಲಗೆಗೆ ಆ ಕಾಟ ಕಡಿಮೆ.

ಆ ಹಲಗೆಯನ್ನು ಜಗತ್ತಿಗೆ ಹಂಚಿದವರಲ್ಲಿ ಪ್ರಮುಖ ಲಿಯೊ ಫೆಂಡರ್. ರೇಡಿಯೊ ರಿಪೇರಿ ಮಾಡುತ್ತಿದ್ದವ. ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವನು 1950ರಲ್ಲಿ ತಂದ ಮಾದರಿಗೆ ಮರುವರ್ಷ ಟೆಲಿಕ್ಯಾಸ್ಟರ್ ಎಂಬ ಹೆಸರಾಯಿತು. 1954ರಲ್ಲಿ ಬಂದುದು ಸ್ಟ್ರಾಟೊಕ್ಯಾಸ್ಟರ್. ಇವೆರಡರ ಅಚ್ಚಿನ ಅಗ್ಗದ ಗಿಟಾರುಗಳು ನನ್ನ ಬಳಿ ಇವೆ. ಸ್ಟ್ರಾಟೊಕ್ಯಾಸ್ಟರು ಸುಂದರಿ: ಮೈಗೆ ಒಗ್ಗುವ ಬಳುಕು, ಮೂರು ಪಿಕಪ್ಪು, ಕುದುರೆಗೆ ಹಚ್ಚಿದ ಸರಳು. ಸರಳನ್ನು ಒತ್ತಿದರೆ ಸ್ವರ ತೂಗುತ್ತದೆ. ಗಮಕಕ್ಕೆ ಇದಕ್ಕಿಂತ ಬೇಕೆ ಎಂದು ಮೊದಮೊದಲು ಹಿಗ್ಗಿದ್ದೆ. ಆದರೆ ನಾಲ್ಕು ಸಲ ತೂಗಿದರೆ ನನ್ನ ಗಿಟಾರಿನ ಶ್ರುತಿ ಇಳಿಯುತ್ತದೆ. ತೂಗುವುದಾದರೂ ಎಲ್ಲ ತಂತಿಗಳನ್ನೂ ಒಟ್ಟಿಗೆ. ಗಮಕವೆಂದರೆ ಅದಲ್ಲ. ಟೆಲಿಕ್ಯಾಸ್ಟರಿಗೆ ಈ ಸೋಗಿಲ್ಲ. ಎರಡೇ ಪಿಕಪ್ಪು, ಅಲುಗದ ಕುದುರೆ. ವೀಣೆಯಲ್ಲಿ ಮಾಡುವಂತೆ ತಂತಿಯನ್ನು ಮೆಟ್ಟಿಲ ಮೇಲೆ ಓರೆಗೆ ಎಳೆದರೆ ಒಂದು ಸ್ವರ, ಬಹಳವಾದರೆ ಒಂದೂವರೆ ಸ್ವರ ಏರುತ್ತದೆ. ಅಷ್ಟಕ್ಕೂ ಬೆರಳೇ ದುಡಿಯಬೇಕು. ಟ್ಯೂಬ್‌ಲೈಟಿನ ಪಕ್ಕ ಕುಳಿತರೆ ಗುಂಯ್‌ಗುಡುತ್ತದೆ. ಗಿಬ್ಸನ್ ಕಂಪನಿಯವರು 1957ರ ಹೊತ್ತಿಗೆ ಜೋಡಿ ಸುರುಳಿ ಕೂಡಿಸಿ ಈ ಗುಂಯ್‌ಕಾರವನ್ನು ಅಡಗಿಸಿದರು. ಆದರೂ ನನಗೆ ಆ ಒಂಟಿ ಸುರುಳಿಯ ತೀಕ್ಷ್ಣ ನಾದವೇ ಪ್ರಿಯ. ದೀಪ ಆರಿಸಿ ನುಡಿಸುತ್ತೇನೆ.

ದೀಪ ತಾನಾಗಿಯೇ ಆರಿದ್ದೂ ಉಂಟು. ಎರಡು ವರ್ಷದ ಹಿಂದೆ ಇಳಕಲ್ಲಿನಲ್ಲಿ ಗೆಳೆಯರ ಮನೆಯ ಮದುವೆ. ರಾತ್ರಿ ಹಾಡಿನ ಕೂಟ. ಪೇಟಿ ಮಾಸ್ತರರೊಬ್ಬರು ಭೀಮಪಲಾಸಿ ಎತ್ತಿಕೊಂಡಿದ್ದರು, ನಾನು ಹಿಂದಿನಿಂದ ತಡವರಿಸುತ್ತಿದ್ದೆ. ಕರೆಂಟು ಹೋಯಿತು. ಪೇಟಿ ಹಾಡುತ್ತಲೇ ಇತ್ತು, ತಬಲಾ ನಡೆಯುತ್ತಲೇ ಇತ್ತು. ನನ್ನ ಹಲಗೆಯಿಂದ ಮಾತ್ರ ಬೇಲಿಯ ತಂತಿ ಮಿಡಿದಂಥ ಸದ್ದು. “ಯಾಕ್ರಿ ಮಾಸ್ತರ, ನಿಮ್ಮ ವೀಣಾದ ಉಸಿರು ಹೋತೇನು?” ಎಂದು ಅವರು ಕತ್ತಲಲ್ಲಿಯೇ ನಕ್ಕರು. ನಾಚಿಕೆಯಾಯಿತು. ಸುಮ್ಮನೆ ಕೆಳಗಿಡಬೇಕೆಂದು ಗಿಟಾರನ್ನು ನನ್ನ ಮುಂದಿದ್ದ ಹಳೆಯ ಸಾಗವಾನಿ ಮೇಜಿಗೆ ಒರಗಿಸಿದೆ. ಅಷ್ಟರಲ್ಲಿ ಬೆರಳು ತಂತಿಗೆ ತಾಕಿತು, ಮೇಜು ಇಡಿಯಾಗಿ ನುಡಿಯಿತು. ಗಿಟಾರಿನ ಬುಡವನ್ನು ಅದಕ್ಕೆ ಬಿಗಿಯಾಗಿ ಒತ್ತಿಹಿಡಿದು ಷಡ್ಜ ಮಿಡಿದೆ. ಮಾಸ್ತರರು ಪೇಟಿಯ ಗಾಳಿ ಕಡಿಮೆ ಮಾಡಿ, “ಹಾಂ, ಈಗ ಬರ್ರಿ” ಎಂದರು.