ನಿತ್ಯಪುಷ್ಪದ ಪೂರ್ವವೃತ್ತ

ನಮ್ಮ ಪ್ರಾಂತದಲ್ಲಿ ಗಿಡಮರಗಳ ಹೆಸರುಗಳು ಇತಿಹಾಸ ಶೋಧಕನಿಗೆ ಹಲವು ಸಲ ದಾರಿ ತೋರಿಸಿವೆ. ಕ್ರಿ. ಶ. 1204ರ ರಟ್ಟರ ಶಾಸನಗಳಲ್ಲಿ ಬೆಳಗಾವಿಯು ವೇಣುಗ್ರಾಮವೆನಿಸಿಕೊಂಡಿದೆ, ಎಂದರೆ ಬಿದಿರಿನ ಊರು. ಖಾನಾಪುರ ತಾಲೂಕಿನ ಹಲಸಿಗೆ ಕದಂಬರ ತಾಮ್ರಪಟಗಳಲ್ಲಿ ಪಲಾಶಿಕೆಯೆಂಬ ಹೆಸರಿರುವದು. ಮುತ್ತುಗದ ಮರಕ್ಕೆ ಸಂಸ್ಕೃತದಲ್ಲಿ ಪಲಾಶವೆನ್ನುವದನ್ನು ಬಲ್ಲವರಿಗೆ ಇದರ ಮೂಲವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಹೆಸರು ದಾರಿ ತೋರಿಸುವಂತೆಯೇ ದಾರಿ ತಪ್ಪಿಸುವದೂ ಉಂಟು. ಅಂತಹ ಒಂದು ಗಿಡದ ವಿಚಾರವನ್ನು ವಾಚಕರ ಮುಂದಿಡಬೇಕೆಂದಿರುವೆನು.

ಬೆಳಗಾವಿಯಲ್ಲಿ ತುಸು ಅಂಗಳವಿದ್ದ ಮನೆಗಳಲ್ಲೆಲ್ಲ ಈ ಗಿಡವು ಕಾಣಸಿಗುವದು. ಮರಾಠಿ ಮನೆಮಾತಿನವರು ಸದಾಫುಲೀ ಎಂದು ಕರೆಯುವರು. ಕನ್ನಡಿಗರಲ್ಲಿ ನಿತ್ಯಪುಷ್ಪ, ಸದಾಪುಷ್ಪ, ಕಾಶಿಕಣಗಿಲೆ ಎಂಬ ಹೆಸರುಗಳುಂಟು. ಈಚಿನ ಮೂಲಿಕಾ ಪುಸ್ತಕಗಳಲ್ಲಿ ಇದಕ್ಕೆ ಸದಾಪುಷ್ಪೀ ಎಂದು ಸಂಸ್ಕೃತ ನಾಮವನ್ನು ಕೊಡುವ ರೂಢಿಯು ಬಿದ್ದಿದೆ. ಇದನ್ನು ಓದಿದವರು ಇದು ಚರಕ ಸುಶ್ರುತರ ಕಾಲದಿಂದ ಬಂದ ಮೂಲಿಕೆಯೆಂದು ಭಾವಿಸುವದು ಸಹಜ. ಮಧುಮೇಹವುಳ್ಳ ಗೃಹಸ್ಥರು ಬೆಳಿಗ್ಗೆ ಎದ್ದು ಬರಿಯ ಹೊಟ್ಟೆಯಲ್ಲಿ ಇದರ ನಾಲ್ಕೈದು ಎಲೆಗಳನ್ನು ಅಗಿದು ನುಂಗುವರು. ಕೇಳಿದರೆ, ಋಷಿಗಳು ಹೇಳಿದ ಔಷಧಿಯಲ್ಲವೇ, ಎನ್ನುವರು. ಶಬ್ದದ ಮೇಲಿನ ತಪ್ಪು ನಂಬಿಕೆಯು ಹೀಗೆ ಹೊಟ್ಟೆಗೆ ಇಳಿಯುತ್ತಿರುವದರಿಂದ ಇದು ಬರಿಯ ಪಂಡಿತರ ಚರ್ಚೆಯಾಗಿ ಉಳಿದಿಲ್ಲ.

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತ ಕೋಶಗಳಲ್ಲಿ ಸದಾಪುಷ್ಪೀ ಎಂಬುದು ಅರ್ಕದ, ಅಂದರೆ ನಮ್ಮ ಎಕ್ಕದ ಗಿಡದ, ಪರ್ಯಾಯ ನಾಮ. ಬಯಲಿನಲ್ಲಿ ಬೆಳೆದು ಸದಾ ಹೂ ಬಿಡುವ ಎಕ್ಕಕ್ಕೆ ಅದು ಒಪ್ಪುವಂತಹದೇ. ನಾವು ಹೇಳುತ್ತಿರುವ ಗಿಡಕ್ಕೆ ಅದನ್ನು ಹಚ್ಚಿದುದು ತೀರ ಈಚೆಗೆ. ಪೂರ್ವದ ನಿಘಂಟುಕಾರರು ಕಂಡಿಲ್ಲದ ಗಿಡಕ್ಕೆ ಅವರ ಮುದ್ರೆಯನ್ನು ಒತ್ತುವದು, ಹೊಸ ತಾಮ್ರಪಟಕ್ಕೆ ಹಳೆಯ ಲಿಪಿಯಲ್ಲಿ ಅಕ್ಷರ ಕೊರೆದಂತೆಯೇ ಸರಿ.

ಈ ಗಿಡದ ಜನ್ಮಭೂಮಿಯು ಹಿಂದೂ ಮಹಾಸಾಗರದ ಪಶ್ಚಿಮಕ್ಕಿರುವ ಮಡಗಾಸ್ಕರ ದ್ವೀಪ. ಹದಿನೆಂಟನೆಯ ಶತಕದ ಮಧ್ಯದಲ್ಲಿ ಅಲ್ಲಿಂದ ಬೀಜಗಳು ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಬಂದವು. ಅಲ್ಲಿಂದ ಲಂಡನ್ನಿನ ಚೆಲ್ಸಿಯಾ ಔಷಧೋದ್ಯಾನದ ಫಿಲಿಪ್ ಮಿಲ್ಲರನ ಕೈ ಸೇರಿದವು. 1759ರಲ್ಲಿ ಲಿನೇಯಸನು ಇದನ್ನು ಯುರೋಪಿನ ವಿಂಕಾ ಕುಲಕ್ಕೆ ಸೇರಿಸಿ ವಿಂಕಾ ರೋಸಿಯಾ ಎಂದು ನಾಮಕರಣ ಮಾಡಿದನು. ಮುಂದೆ ಜಾರ್ಜ್ ಡಾನನು ಭೇದವನ್ನು ಗುರುತಿಸಿ ಕ್ಯಾಥರಾಂಥಸ್ ಎಂಬ ಬೇರೆ ಕುಲದಲ್ಲಿರಿಸಿದನು. ಗ್ರೀಕ ಭಾಷೆಯಲ್ಲಿ ಅದಕ್ಕೆ ಶುದ್ಧಪುಷ್ಪವೆಂದರ್ಥ. ಈ ಕುಲದಲ್ಲಿ ಎಂಟು ಜಾತಿಗಳುಂಟು. ಏಳು ಮಡಗಾಸ್ಕರದವು, ಎಂಟನೆಯದೊಂದು ಮಾತ್ರ ಭಾರತ ಸಿಂಹಳಗಳದು. ಅದು ಹೊಲಗಳಲ್ಲಿ ಕಳೆಯಾಗಿ ಹುಟ್ಟುವ, ಸಣ್ಣ ಬಿಳಿಯ ಹೂವಿನ ಬಡ ಗಿಡ. ನಮ್ಮ ಸ್ವಂತದ್ದೆಂದು ಹೆಮ್ಮೆಪಡುವದಾದರೆ ಅದನ್ನು ಕುರಿತು ಪಡಬೇಕು. ಆದರೆ ಅದನ್ನು ಯಾರೂ ಕುಂಡದಲ್ಲಿ ನೆಡುವದಿಲ್ಲ!

ನಮ್ಮ ಸಾಮಾನ್ಯ ಜನರು ಇಟ್ಟ ಹೆಸರುಗಳು ಮಾತ್ರ ಪಂಡಿತರ ಹೆಸರಿಗಿಂತ ಹೆಚ್ಚು ಪ್ರಾಮಾಣಿಕವಾಗಿವೆ. ಕಾಶಿಕಣಗಿಲೆಯೆಂಬಲ್ಲಿಯ ಕಾಶಿಯು ದೂರದಿಂದ ಬಂದುದೆಂಬುದನ್ನು ಸೂಚಿಸುವದೆಂದು ನನ್ನ ಮತ. ತೆಲುಗರು ಬಿಳ್ಳಗನ್ನೇರು ಎನ್ನುವರು. ಗನ್ನೇರು ಎಂದರೂ ಕಣಗಿಲೆಯೇ. ಎರಡು ನಾಡಿನವರೂ ಹೊಸ ಅತಿಥಿಗೆ ಕಣಗಿಲೆಯ ಬಳಗದಲ್ಲಿ ಸ್ಥಾನ ಕೊಟ್ಟರು, ಮತ್ತು ಸಸ್ಯಶಾಸ್ತ್ರಜ್ಞರು ಸಹ ಇವೆರಡನ್ನೂ ಒಂದೇ ವಂಶದಲ್ಲಿರಿಸಿದ್ದಾರೆ. ಸೂಕ್ಷ್ಮದರ್ಶಕ ಯಂತ್ರವಿಲ್ಲದೆ ಈ ಬಾಂಧವ್ಯವನ್ನು ಕಂಡುಹಿಡಿದವರ ಕಣ್ಣು ಸಾಮಾನ್ಯವಲ್ಲ. ತಮಿಳರು ಇದನ್ನು ಸುಡುಗಾಡು ಮಲ್ಲಿಗೆಯೆನ್ನುವರು. ಗೋರಿಗಳ ನಡುವೆ ನೀರಿಲ್ಲದೆಯೂ ಬಾಳುವದರಿಂದ ಬಂದ ಹೆಸರದು. ಇನ್ನು ಕಣಗಿಲೆಯ, ಅಂದರೆ ಕರವೀರದ, ಪರ್ಯಾಯ ನಾಮಗಳಲ್ಲಿ ಅಮರಸಿಂಹನು ಹಯಮಾರಕವೆಂಬುದನ್ನೂ ಹೇಳಿರುವನು. ಕುದುರೆಯನ್ನು ಕೊಲ್ಲುವ ಗಿಡದ ದಾಯಾದಿಯನ್ನು ಬರಿಯ ಹೊಟ್ಟೆಯಲ್ಲಿ ಅಗಿಯುವ ಮುಂಚೆ ಈ ಶಬ್ದವನ್ನಷ್ಟು ನೆನೆಯುವದು ಲೇಸು.

ಗುರುತಿಸುವ ವಿಷಯದಲ್ಲಿಯೂ ಗೊಂದಲವುಂಟು. ಇಂಗ್ಲಿಷರು ಪೆರಿವಿಂಕಲ್ ಎನ್ನುವದು ಮೂಲತಃ ಯುರೋಪಿನ ವಿಂಕಾ ಗಿಡಕ್ಕೆ. ಅದು ನೆಲಕ್ಕಂಟಿ ಹರಿಯುವ ಬಳ್ಳಿ, ಗೆಣ್ಣುಗಣ್ಣಿಗೆ ಬೇರೂರಿ ಮರದ ನೆರಳಿನಲ್ಲಿ ಹಚ್ಚನೆಯ ಜಮಖಾನೆಯಂತೆ ಬೇಗ ಹಬ್ಬುವದು, ಹೂವು ನೀಲಿ. ಕಟ್ಟುವದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದಕ್ಕೆ ಆ ಹೆಸರು ಬಂದಿತು. ತಂಪು ಸೀಮೆಯ ಆ ಬಳ್ಳಿಯು ನಮ್ಮ ಬಿಸಿಲಿಗೆ ಒಗ್ಗುವಂತಹದಲ್ಲ. ನಮ್ಮ ಗಿಡವಾದರೋ ನೆಟ್ಟಗೆ ಒಂದೆರಡು ಮೊಳ ನಿಲ್ಲುವದು. ಎಲೆಗಳು ಎದುರುಬದುರಾಗಿ, ಹೊಳಪುಳ್ಳವಾಗಿ, ನಡುವಿನ ನರವು ಬಿಳಿಚಾಗಿರುವವು. ಐದು ದಳಗಳ ಹೂವು ಗುಲಾಬಿ ಬಣ್ಣದ್ದು, ಇಲ್ಲವೆ ಬಿಳಿದು. ಬಿಳಿಯವುಗಳಲ್ಲಿ ಕೆಲವಕ್ಕೆ ನಡುವೆ ಕುಂಕುಮದ ಬೊಟ್ಟಿರುವದು. ಜೋಡಿಯಾಗಿ ಹುಟ್ಟುವ ಸಣ್ಣ ಕಾಯಿಗಳು ಒಣಗಿ ಬಿರಿದಾಗ ಕರಿಯ ಬೀಜಗಳು ಸಿಡಿದುಬೀಳುವವು. ಇದು ಹಬ್ಬುವದು ಬೀಜದಿಂದ, ಬಳ್ಳಿಯಿಂದಲ್ಲ.

ಬೆಳೆಸುವವರಿಗೆ ಮಣ್ಣಿನ ಪರೀಕ್ಷೆಯೇ ಮುಖ್ಯ. ಬೆಳಗಾವಿಯ ಮೂಡಲ ಕಡೆಯ ಕರಿಯ ಎರೆಯಲ್ಲಿ ಮಳೆಗಾಲದ ನೀರು ನಿಂತು ಬೇರು ಕೊಳೆಯುವದು. ಖಾನಾಪುರದತ್ತ ಸಾಗಿದಂತೆ ನೆಲವು ಕೆಂಪಾಗಿ ಜಂಬಿಟ್ಟಿಗೆಯ ಕಲ್ಲು ತೋರುವದು. ನೀರು ಇಂಗುವದರಿಂದ ಅಲ್ಲಿ ಗಿಡವು ಚೆನ್ನಾಗಿ ನಿಲ್ಲುವದು. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಲ್ಲಿ ಮಳೆಯ ಹೊಡೆತವು ಹೆಚ್ಚು. ಅಲ್ಲಿಯವರು ಖಾನಾಪುರದ ಕುಂಬಾರರ ಮಣ್ಣಿನ ಕುಂಡಗಳಲ್ಲಿ ನೆಟ್ಟು ಮಳೆಗಾಲದಲ್ಲಿ ಸೂರಿನ ಕೆಳಗೆ ಸರಿಸುವದು ಒಳ್ಳೆಯದು. ಬೀಜವನ್ನು ಮರಳು ಬೆರೆಸಿ ಬಿತ್ತಿ ತೆಳುವಾಗಿ ಮಣ್ಣು ಮುಚ್ಚಬೇಕು, ಏಕೆಂದರೆ ಅದು ಕತ್ತಲೆಯಲ್ಲಿ ಮೊಳೆಯುವಂತಹದು. ಸುಮಾರು ಎರಡು ತಿಂಗಳ ಸಸಿಗಳನ್ನು ಒಂದೊಂದು ಮೊಳಕ್ಕೆ ನೆಟ್ಟರೆ ಸಾಕು. ಬಿಸಿಲು ಬೇಕು, ಗೊಬ್ಬರವು ಹೆಚ್ಚು ಬೇಡ. ಆಡು ದನಗಳು ಮೂಸಿ ಬಿಟ್ಟುಬಿಡುವದರಿಂದ ಬೇಲಿಯ ಖರ್ಚೂ ಇಲ್ಲ. ಒಮ್ಮೆ ನೆಟ್ಟರೆ ಕಲ್ಲಿನ ಸಂದಿ, ಗಟಾರದ ಅಂಚುಗಳಲ್ಲಿ ತಾನಾಗಿ ಹುಟ್ಟತೊಡಗುವದು; ಬೇಡವಾದವನ್ನು ಎಳೆಯದಿರುವಾಗಲೇ ಕೀಳಬೇಕು.

ಈ ಗಿಡಕ್ಕೆ ಜಗತ್ತಿನಲ್ಲಿ ಕೀರ್ತಿ ಬಂದುದು 1952ರ ತರುವಾಯ. ಜಮೈಕಾ ದ್ವೀಪದವರು ಮಧುಮೇಹಕ್ಕೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಅಲ್ಲಿಂದ 25 ಎಲೆಗಳು ಒಂದು ಲಕೋಟೆಯಲ್ಲಿ ಕೆನಡಾ ದೇಶದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಬಂದವು. ಅವರು ಅವನ್ನು ಸಂಶೋಧಕರಾದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಕಳಿಸಿದರು. ಇಲಿಗಳ ಮೇಲೆ ಪ್ರಯೋಗಿಸಿದಾಗ ರಕ್ತದ ಸಕ್ಕರೆಯು ಇಳಿಯಲಿಲ್ಲ. ಇಳಿದುದು ರಕ್ತದ ಬಿಳಿಯ ಕಣಗಳು. ಬೇರೊಬ್ಬರಾಗಿದ್ದರೆ ಪ್ರಯೋಗವು ಕೆಟ್ಟಿತೆಂದು ಎಲೆಗಳನ್ನು ಚೆಲ್ಲುತ್ತಿದ್ದರು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದೇ ಸೂತ್ರವನ್ನು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅಮೇರಿಕೆಯ ಎಲೈ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡಾ ಮೊದಲಾದವರ ದುಡಿಮೆಯಿಂದ ವಿನ್‌ಕ್ರಿಸ್ಟಿನ್ ದೊರೆಯಿತು; 1963ರಲ್ಲಿ ಅದಕ್ಕೆ ಅಲ್ಲಿಯ ಸರಕಾರದ ಮನ್ನಣೆಯಾಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇದು ಇಂದಿಗೂ ಮುಖ್ಯ ಔಷಧಗಳಲ್ಲೊಂದು.

ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆಗಳು ಬೇಕು. ಹಾಗಾದರೆ ನಾಲ್ಕು ಎಲೆಗಳಿಂದ ಕೇಡೇನೆಂದು ಯಾರಾದರೂ ಕೇಳಬಹುದು. ಎಲೆಯಲ್ಲಿರುವದು ಇವೆರಡೇ ಸಾರಗಳಲ್ಲ. ನೂರಕ್ಕೆ ಮಿಕ್ಕಿ ಕ್ಷಾರಸತ್ವಗಳುಂಟು. ವೈದ್ಯರು ಅಳೆದು ರಕ್ತನಾಳದೊಳಗೆ ಮಾತ್ರ ಕೊಡುವ, ಕೊಟ್ಟ ಬಳಿಕ ರಕ್ತಪರೀಕ್ಷೆ ಮಾಡುತ್ತಲೇ ಇರುವ ಮದ್ದು ಇವುಗಳೊಳಗಿನದು. ಮಜ್ಜೆಯನ್ನೂ ನರಗಳನ್ನೂ ಕುಗ್ಗಿಸುವ ಶಕ್ತಿ ಅದಕ್ಕುಂಟು. ಮಧುಮೇಹಕ್ಕೆ ಇದರಿಂದ ಅಂಗೀಕೃತವಾದ ಔಷಧವೊಂದೂ ಹೊರಟಿಲ್ಲ. ಹೂವನ್ನು ದೇವರಿಗೆ ಏರಿಸುವದಕ್ಕೆ ಯಾರ ಅಡ್ಡಿಯೂ ಇಲ್ಲ.

ಶಾಲೆಗಳ ಔಷಧಿವನಗಳಲ್ಲಿ ಗಿಡದ ಮುಂದೆ ಹೆಸರಿನ ಹಲಗೆಯನ್ನು ನಿಲ್ಲಿಸುವ ಪದ್ಧತಿಯುಂಟಷ್ಟೆ. ಅಲ್ಲಿಯ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ: ಹಲಗೆಯ ಮೇಲೆ ಕಾಶಿಕಣಗಿಲೆಯೆಂದು ಬರೆಯಿಸಿರಿ, ಕೆಳಗೆ ಮಡಗಾಸ್ಕರವೆಂದು ಕಾಣಿಸಿರಿ; ಸದಾಪುಷ್ಪೀ ಎಂಬ ಹಲಗೆಯನ್ನು ಎಕ್ಕದ ಗಿಡದ ಬಳಿಗೆ ಒಯ್ದು ನಿಲ್ಲಿಸಿರಿ.