ಮಾರ್ಟಿನ್ ಗಿಟಾರು

ಸಿ. ಎಫ್. ಮಾರ್ಟಿನ್ ಅಂಡ್ ಕಂಪನಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ನಜರೆತ್ ಊರಿನ ಗಿಟಾರು ತಯಾರಿಕಾ ಸಂಸ್ಥೆ. 1833ರಲ್ಲಿ ಶುರುವಾದ ಇದು ಇಂದಿಗೂ ಅದೇ ಮನೆತನದ ಒಡೆತನದಲ್ಲಿದೆ. ಇಷ್ಟು ಹಳೆಯ ಮನೆತನವೆಂದ ಮೇಲೆ ಅಕೂಸ್ಟಿಕ್ ಗಿಟಾರಿನ ಇಂದಿನ ರೂಪವೆಲ್ಲ ಅದರ ಕಾರ್ಖಾನೆಯಲ್ಲೇ ಹುಟ್ಟಿತೆಂದು ಹೇಳುವುದು ವಾಡಿಕೆ. ಆದರೆ ಈ ವಾದ್ಯದ ದೊಡ್ಡ ತಿರುವುಗಳನ್ನು ಒಂದೊಂದಾಗಿ ನೋಡಿದರೆ, ಬಹುಪಾಲು ಹೊರಗಿನವರು ಕೇಳಿದ್ದರಿಂದ ಬಂದವು. ಕೇಳಿದ್ದನ್ನು ಮರದಲ್ಲಿ ಗಟ್ಟಿಯಾಗಿ ನಿಲ್ಲಿಸಿದ್ದು ಮಾರ್ಟಿನ್ನರ ಹೆಚ್ಚುಗಾರಿಕೆ.

ಸ್ಥಾಪಕ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ (1796–1873) ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಶೆನ್‌ನಲ್ಲಿ ಬಡಗಿಗಳ ಮನೆಯಲ್ಲಿ ಹುಟ್ಟಿ, ವಿಯೆನ್ನಾದ ಯೋಹಾನ್ ಗಿಯೋರ್ಗ್ ಸ್ಟೌಫರ್ ಬಳಿ ಕೆಲಸ ಕಲಿತ. ಊರಿನ ಪಿಟೀಲು ತಯಾರಕರ ಸಂಘ, ಪೀಠೋಪಕರಣ ಮಾಡುವ ಬಡಗಿಗಳು ಗಿಟಾರಿಗೆ ಕೈಹಾಕಕೂಡದೆಂದು ತಗಾದೆ ತೆಗೆದಿತ್ತು. ತೀರ್ಪು ಬಡಗಿಗಳ ಪರವಾಗಿ ಬಂತು. ಆದರೂ 1833ರಲ್ಲಿ ಮಾರ್ಟಿನ್ ನ್ಯೂಯಾರ್ಕಿಗೆ ಹೊರಟುಹೋಗಿ ಹಡ್ಸನ್ ಬೀದಿಯಲ್ಲಿ ಅಂಗಡಿ ತೆರೆದ. ಆ ದಶಕ ಮುಗಿಯುವ ಹೊತ್ತಿಗೆ, ಜರ್ಮನ್ ಮಾತಾಡುವ ಮೊರೇವಿಯನ್ ಕ್ರೈಸ್ತರ ನೆಲೆಯಾಗಿದ್ದ ನಜರೆತ್‌ಗೆ ಬಿಡಾರ ಬದಲಾಯಿತು. ಮೊದಮೊದಲ ವಾದ್ಯಗಳು ಗುರುವಿನ ಪಡಿಯಚ್ಚು: ತಲೆ ಸುರುಳಿಯಂತೆ ಬಾಗಿರುತ್ತಿತ್ತು, ಆರೂ ಬಿರಡೆಗಳು ಒಂದೇ ಪಕ್ಕದಲ್ಲಿ ಸಾಲಾಗಿರುತ್ತಿದ್ದವು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾದರಿಯ ಗಿಟಾರಿಗೆ ಮನ್ನಣೆ ಹೆಚ್ಚಿದಂತೆ ಈ ವಿಯೆನ್ನಾ ಚಹರೆ ಮಾಸುತ್ತ ಬಂತು.

ಮೇಲಿನ ವಾದಕ್ಕೆ ಮೊದಲ ಆಕ್ಷೇಪ ಹುಟ್ಟುವುದೇ ಇಲ್ಲಿ. ಗಿಟಾರಿನ ಮುಖದ ಹಲಗೆ ಸುಮಾರು ಮೂರು ಮಿಲಿಮೀಟರಿನಷ್ಟೇ ದಪ್ಪವಿರುತ್ತದೆ. ತಂತಿಗಳ ಎಳೆತಕ್ಕೆ ಅದು ಉಬ್ಬದಂತೆ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ನಾದರಂಧ್ರಕ್ಕೂ ಕುದುರೆಗೂ ನಡುವೆ ಎರಡು ಪಟ್ಟಿಗಳು ಕತ್ತರಿಯಂತೆ ಒಂದನ್ನೊಂದು ಹಾಯುವ ಜೋಡಣೆ 1840ರ ದಶಕದ ಮಾರ್ಟಿನ್ ಗಿಟಾರುಗಳಲ್ಲಿ ಕಾಣುತ್ತದೆ, ಇಂದು ಜಗತ್ತಿನ ಹೆಚ್ಚಿನ ಉಕ್ಕಿನ ತಂತಿಯ ಗಿಟಾರುಗಳೊಳಗೂ ಇದೆ. ಇದಾದರೂ ಸ್ವಂತ ಸೃಷ್ಟಿಯಲ್ಲವೇ? ಅದೇ ಕಾಲದಲ್ಲಿ ಅಮೆರಿಕದ ಬೇರೆ ಜರ್ಮನ್ ವಲಸಿಗ ಕುಶಲಕರ್ಮಿಗಳೂ ಇದನ್ನು ಬಳಸುತ್ತಿದ್ದರು. ಹಾಗಾಗಿ ಒಬ್ಬನ ಹೆಸರಿಗೇ ಬರೆದುಕೊಡುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇದನ್ನು ಹೂಡಿದ್ದು ಪ್ರಾಣಿಗಳ ಕರುಳಿನಿಂದ ಮಾಡಿದ ಮೆತ್ತನೆಯ ತಂತಿಗಾಗಿ. ಉಕ್ಕಿನ ತಂತಿಯ ಬಿಗಿತವನ್ನೂ ಅದು ತಾಳೀತೆಂಬುದು ಮುಕ್ಕಾಲು ಶತಮಾನದ ನಂತರ ತಿಳಿಯಿತು. ಅದನ್ನು ದೂರದೃಷ್ಟಿ ಎನ್ನಲಾಗದು. ಅದೃಷ್ಟ ಎಂದರೆ ಸರಿಹೋದೀತು.

ಉಕ್ಕಿನ ತಂತಿಯೂ ಹೊರಗಿನ ಒತ್ತಾಯದ್ದೇ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ–ಪೆಸಿಫಿಕ್ ಪ್ರದರ್ಶನ ಹವಾಯಿ ಸಂಗೀತದ ಹುಚ್ಚು ಹಿಡಿಸಿತು. ಯುಕುಲೇಲಿ ಮಾರಾಟದಿಂದ ಕಾರ್ಖಾನೆ ಬೆಳೆಯಿತು, ಗಿಟಾರಿಗೂ ಉಕ್ಕು ಬೇಕೆಂದು ಗಿರಾಕಿಗಳು ಕೇಳಿದರು. ಮಾರ್ಟಿನ್ ಅದನ್ನು ಕ್ರಮವಾಗಿ ಒಪ್ಪಿಕೊಂಡದ್ದು 1922ರ 2-17 ಮಾದರಿಯಿಂದ. (ಇಲ್ಲಿ ಮೊದಲ ಅಂಕಿ ಒಡಲಿನ ಗಾತ್ರ, ಎರಡನೆಯದು ಮೊದಮೊದಲು ಡಾಲರಿನಲ್ಲಿ ಸಗಟು ಬೆಲೆಯೇ ಆಗಿತ್ತು, ಬೆಲೆ ಏರಿತು, ಅಂಕಿ ಹೆಸರಾಗಿ ಉಳಿಯಿತು.) ಅಗಲ ಸೊಂಟದ, ಗಡುಸು ದನಿಯ ‘ಡ್ರೆಡ್‌ನಾಟ್’ ಇಂದು ಅತಿ ಹೆಚ್ಚು ಅನುಕರಣೆಗೊಳಗಾದ ಆಕಾರ. 1906ರ ಬ್ರಿಟಿಷ್ ಯುದ್ಧನೌಕೆಯಿಂದ ಹೆಸರು ಪಡೆದ ಅದನ್ನು 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗಾಗಿ, ಆ ಕಂಪನಿಯ ಮುದ್ರೆಯಲ್ಲೇ ಮಾಡಿಕೊಡಲಾಯಿತು. ಮಾರ್ಟಿನ್ ತನ್ನ ಹೆಸರಿನಲ್ಲಿ ಅದನ್ನು ಮಾರಿದ್ದು 1931ರಿಂದ. ಒಡಲಿನಾಚೆಗೆ ಹದಿನಾಲ್ಕು ಮೆಟ್ಟಿಲು ಸಿಗುವ ಉದ್ದನೆಯ ಕೊರಳು 1929ರಲ್ಲಿ ಬ್ಯಾಂಜೊ ವಾದಕ ಪೆರ್ರಿ ಬೆಕ್ಟೆಲ್ ಇಟ್ಟ ಬೇಡಿಕೆ. ಕಪ್ಪೆಚಿಪ್ಪಿನ ಅಂಚುಪಟ್ಟಿಯ ಡಿ-45 ಹುಟ್ಟಿದ್ದು 1933ರಲ್ಲಿ, ಹಾಡುಗಾರ ಜೀನ್ ಆಟ್ರಿ ಮಾಡಿಸಿಕೊಂಡದ್ದರಿಂದ. 1942ರವರೆಗೆ ತಯಾರಾದದ್ದು 91 ಮಾತ್ರ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಈ ಗಿಟಾರುಗಳಿಗೆ ಸರಿಸಮವಾದವು ಆಮೇಲೆ ಬರಲಿಲ್ಲವೆಂದು ಸಂಗ್ರಾಹಕರು ವಾದಿಸುತ್ತಾರೆ. ಹಾಗಾದರೆ ಮನೆತನದ ಪರಂಪರೆಯೇ ಶ್ರೇಷ್ಠವೆಂದಾಯಿತಲ್ಲ ಎನ್ನಬಹುದು. ಆ ಪರಂಪರೆಯನ್ನು ಸಂಸ್ಥೆಯೇ ಮಧ್ಯದಲ್ಲಿ ಕೈಬಿಟ್ಟಿತ್ತೆಂಬುದು ಇಲ್ಲಿ ಮರೆತುಹೋಗುತ್ತದೆ. ಹಿಂದೆ ಮುಖದ ಒಳಮೈಯ ಪಟ್ಟಿಗಳನ್ನು ನಡುವೆ ತೋಡಿ ಹಗುರಮಾಡುತ್ತಿದ್ದರು, ಅದರಿಂದ ಮಂದ್ರಸ್ವರಗಳು ತುಂಬಿ ಬರುತ್ತಿದ್ದವು. ದಪ್ಪ ತಂತಿ ಕಟ್ಟುವವರು ಹೆಚ್ಚಿ ಮುಖಗಳು ಉಬ್ಬತೊಡಗಿದಾಗ 1944ರಲ್ಲಿ ತೋಡುವುದನ್ನೇ ನಿಲ್ಲಿಸಿದರು. 1976ರಲ್ಲಿ ಎಚ್‌ಡಿ-28 ಮಾದರಿಯೊಡನೆ ಆ ಪದ್ಧತಿ ಮರಳಿದ್ದು ಹಳೆಯ ವಾದ್ಯಗಳ ದನಿಗೆ ಮನಸೋತ ವಾದಕರ ಒತ್ತಡದಿಂದ.

ಮರದ ಕಥೆಯಲ್ಲಿ ದಕ್ಷಿಣ ಭಾರತಕ್ಕೂ ಪಾಲಿದೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆಹಾಕಿದ ಮೇಲೆ, 1969ರ ಸುಮಾರಿಗೆ ಡಿ-28 ಮಾದರಿಯ ಬೆನ್ನಿಗೂ ಪಕ್ಕಗಳಿಗೂ ಭಾರತದ ರೋಸ್‌ವುಡ್ ಬಂತು. ಅದು ನಮ್ಮ ಬೀಟೆ: ಮಲೆನಾಡು, ಕೊಡಗಿನ ಕಾಡುಗಳಲ್ಲೂ ಬೆಳೆಯುವ, ಮೈಸೂರಿನ ಕುಸುರಿ ಕೆಲಸದವರು ಪಳಗಿಸಿಕೊಂಡ ಮರ. ಬ್ರೆಜಿಲಿನ ಮರದ ನಾದವೇ ಬೇರೆಯೆಂಬ ನಂಬಿಕೆ ಇನ್ನೂ ಬಲವಾಗಿದ್ದು, ಹಳೆಯ ಗಿಟಾರುಗಳ ಬೆಲೆ ಅದರ ಮೇಲೂ ನಿಂತಿದೆ. 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಬೆನ್ನು–ಪಕ್ಕಗಳ ಮರವಷ್ಟೇ ಬೇರೆಯಾದ ಆರು ಗಿಟಾರುಗಳನ್ನು 52 ವಾದಕರಿಗೆ ಮರ ಕಾಣದಂತೆ ಮಾಡಿ ಕೊಟ್ಟರು. ಬೀಟೆ, ಬ್ರೆಜಿಲ್ ಮರ, ಅಗ್ಗದ ಮರಗಳು ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದ ಅಂಕ ಪಡೆದವು. ಅವು ಮಾರ್ಟಿನ್ ವಾದ್ಯಗಳಲ್ಲ, ಒಂದೇ ಪ್ರಯೋಗದಿಂದ ಚರ್ಚೆ ಮುಗಿಯುವುದೂ ಇಲ್ಲ. ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರ 1992ರಿಂದ ಬಹುಮಟ್ಟಿಗೆ ನಿಷಿದ್ಧ. 2017ರಲ್ಲಿ ಬೀಟೆಯೂ ನಿಯಂತ್ರಣದ ಪಟ್ಟಿ ಸೇರಿತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಡಿ-28ರ ಬೆನ್ನಿಗೆ ಈಗಲೂ ಬೀಟೆಯೇ.